ತೊಟ್ಟಿಲು ಮತ್ತು ಹಾಜರಿ ಪುಸ್ತಕ

(ಬಾನುಲಿ ಭಾಷಣ)

ಹಲಸೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಅಧ್ಯಾಪಕಿಯಾಗಿದ್ದವಳು ನಾನು. ಹಾಜರಿ ಪುಸ್ತಕವೆಂದರೆ ನನಗೆ ಪ್ರಮಾಣ ಗ್ರಂಥವಿದ್ದಂತೆ. ಬಂದವರು ಬಂದವರೇ, ಬಾರದವರು ಬಾರದವರೇ. ಈ ನಂಬಿಕೆಯನ್ನು ಸಡಿಲಿಸಿದವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ಅವಳ ವಿಷಯವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನಿವೃತ್ತಿಯ ತರುವಾಯ ಕೆಲವು ಗೆಳತಿಯರೊಡನೆ ಕೃಷ್ಣರಾಜಪುರದ ಆಚೆಯ ಒಂದು ಜೋಪಡಿ ಬೀಡಿಗೆ ಪಾಠ ಹೇಳಲು ಹೋಗುತ್ತಿದ್ದೆ. ತಗಡು, ನೀಲಿ ಟಾರ್ಪಾಲು, ನಾಲ್ಕು ಸರ್ವೆ ಗಳ ಸೇರಿದರೆ ಅಲ್ಲಿ ಒಂದು ಮನೆ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಬಂದ ಆ ಜನ ಊರಿನವರಿಗೆ ಮಹಡಿಯ ಮೇಲೆ ಮಹಡಿ ಕಟ್ಟುತ್ತಿದ್ದರು. ನಗರದ ಈ ಭಾಗಕ್ಕೆ ಇದು ಹೊಸತೇನಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿದಾಗ ಅದರ ಬೆನ್ನಿಗೆ ಅಡುಗೆಯವರು, ಕುದುರೆಯಾಳುಗಳು, ಹೊರೆಯಾಳುಗಳು ಬಂದರು. ದಂಡಿಗೆ ಅಗಲವಾದ ಬೀದಿಗಳಾದವು. ಅದರ ಸೇವೆಗೆ ಬಂದವರಿಗೆ ಇಕ್ಕಟ್ಟಿನ ಪಾಳ್ಯಗಳು ಉಳಿದವು.

ಆ ಹುಡುಗಿ ಮೊದಲ ವಾರ ತಪ್ಪದೆ ಬಂದಳು. ಕೂಡುವ ಲೆಕ್ಕದಲ್ಲಿ ಚುರುಕು. ಎರಡನೆಯ ವಾರ ಎರಡು ದಿನ ಬಂದಳು. ಆಮೇಲೆ ಬರಲೇ ಇಲ್ಲ. ಹತ್ತು ದಿನ ಕಾದು, 'ಆಸಕ್ತಿಯಿಲ್ಲ' ಎಂದು ಬರೆದು ಹೆಸರನ್ನು ಹೊಡೆದುಹಾಕಿದೆ. ಮರುದಿನ ಅವಳ ಗುಡಿಸಿಲ ಮುಂದೆ ಹಾದುಹೋಗುವಾಗ ನೋಡುತ್ತೇನೆ, ಸೊಂಟದ ಮೇಲೆ ಕೂಸನ್ನು ಹೊತ್ತು, ಕಡ್ಡಿಯಿಂದ ಮಣ್ಣಿನಲ್ಲಿ ಲೆಕ್ಕ ಮಾಡುತ್ತಿದ್ದಾಳೆ!

"ಏಕಮ್ಮ ಬರಲಿಲ್ಲ?" ಎಂದೆ.

"ಅವ್ವ ಕೆಲಸಕ್ಕ ಹೋಗ್ಯಾಳ್ರಿ ಟೀಚರ್. ತಮ್ಮನ್ನ ಯಾರು ನೋಡ್ಕೋತಾರ?"

ಈ ಪ್ರಶ್ನೆಗೆ ನನ್ನ ಮೂವತ್ತು ವರ್ಷದ ಅನುಭವದಲ್ಲಿ ಉತ್ತರವಿರಲಿಲ್ಲ. ಉತ್ತರ ದೊರೆತದ್ದು ಬೀಡಿನಲ್ಲಿಯೇ. ಮೊಣಕಾಲು ನೋವಿನಿಂದ ಕೂಲಿ ಬಿಟ್ಟಿದ್ದ ಮುದುಕಿಯೊಬ್ಬರು, "ಕೂಸುಗೋಳನ್ನ ನನ್ನ ಹಂತ್ಯಾಕ ಬಿಡ್ರಿ, ಹುಡುಗೀರು ಓದ್ಲಿ" ಎಂದರು. ಹಳೆಯ ಸೀರೆಗಳಲ್ಲಿ ನಾಲ್ಕು ಜೋಳಿಗೆ ತೊಟ್ಟಿಲು ಕಟ್ಟಿದೆವು. ತಾಯಂದಿರು ಸಭೆ ಸೇರಿ ದಿನಕ್ಕೆ ಇಷ್ಟೆಂದು ಅಜ್ಜಿಗೆ ಕೊಡಲು ಒಪ್ಪಿದರು. ರಾಗಿ ಹಿಟ್ಟು, ಕುದಿಸಿದ ನೀರು ನಮ್ಮ ಪಾಲಿಗೆ ಬಂದವು. ಒಂದು ತಿಂಗಳೊಳಗೆ ಬೆಳಗಿನ ಪಾಠಕ್ಕೆ ಐದು ಮಂದಿ ಹುಡುಗಿಯರು ಹೊಸದಾಗಿ ಬಂದರು. ನಾನು ಹೊಡೆದುಹಾಕಿದ್ದ ಹೆಸರೂ ಹಾಜರಿ ಪುಸ್ತಕಕ್ಕೆ ಮರಳಿತು.

ಇದು ನಾವು ಕಂಡುಹಿಡಿದ ಉಪಾಯವೇನೂ ಅಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಶತಾಬ್ದಿಯ ಕಟ್ಟಡ ಏಳುತ್ತಿದ್ದ ಕಡೆ ಧೂಳಿನಲ್ಲಿ ಮಲಗಿದ್ದ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಶಿಶುಗೃಹವೊಂದನ್ನು ತೆರೆದರು. ಮೊಬೈಲ್ ಕ್ರೆಷಸ್ ಸಂಸ್ಥೆ ಮೊದಲಾದದ್ದು ಹಾಗೆ. ನಮ್ಮ ನಗರದ ಪೂರ್ವ ಭಾಗದಲ್ಲಿಯೇ, ಅಣ್ಣಸಂದ್ರಪಾಳ್ಯದಲ್ಲಿ, 1981ರಲ್ಲಿ ಹುಟ್ಟಿದ ಅಪ್ಸಾ ಸಂಸ್ಥೆಯ 'ನಮ್ಮ ಮನೆ' ದಿಕ್ಕುತಪ್ಪಿದ ಮಕ್ಕಳಿಗೆ ಆಸರೆಯಾಗಿದೆ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 2010ರ ಏಪ್ರಿಲಿನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. 1975ರಲ್ಲಿ ಆರಂಭವಾದ ಅಂಗನವಾಡಿಗಳೂ ಇವೆ. ಆದರೆ ಅವು ಬಾಗಿಲು ಹಾಕುವ ಹೊತ್ತಿಗೆ ತಾಯಿಯ ಕೂಲಿ ಮುಗಿದಿರುವುದಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಸ್ಥಳದಲ್ಲಿ ಶಿಶುಗೃಹ ಇರತಕ್ಕದ್ದೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ವಿಧಿಸಿತು. ನಮ್ಮ ಬೀಡಿನ ಹೆಂಗಸರೋ ಇಲ್ಲಿ ಆರು, ಅಲ್ಲಿ ಎಂಟು ಎಂದು ಹಂಚಿಹೋದವರು. ಐವತ್ತರ ಲೆಕ್ಕ ಎಲ್ಲಿಯೂ ತುಂಬಲಿಲ್ಲ. ಕಾನೂನು ಶಾಲೆಯ ಬಾಗಿಲು ತೆರೆಯಬಲ್ಲದು. ಆ ಬಾಗಿಲವರೆಗೆ ನಡೆಯಲು ಹುಡುಗಿಯ ಸೊಂಟ ಹಗುರವಾಗಬೇಡವೇ?

ಕಥೆ ಸುಖಾಂತವಾಯಿತೆಂದು ಹೇಳಿದರೆ ಸುಳ್ಳಾದೀತು. ಇಂಥ ಬೀಡುಗಳ ಬದುಕು ಎಷ್ಟು ದಿನದ್ದೆಂದು ಯಾರು ಬಲ್ಲರು? 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಜೋಪಡಿಗಳನ್ನು ಕೆಡವಿದ್ದು, ಹೈಕೋರ್ಟು ಮಧ್ಯೆ ಪ್ರವೇಶಿಸಿದ್ದು ನಿಮಗೆ ನೆನಪಿರಬಹುದು. ನಮ್ಮ ಬೀಡನ್ನು ಯಾರೂ ಕೆಡವಲಿಲ್ಲ. ಕಟ್ಟಡ ಮುಗಿಯಿತು, ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದ, ಜನ ಎದ್ದು ಹೋದರು, ಅಷ್ಟೆ. ಹುಡುಗಿ ಹೋಗುವಾಗ ಮೂರನೆಯ ತರಗತಿಯ ವರ್ಗಾವಣೆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. ಜೋಳಿಗೆಯ ಸೀರೆಯೊಂದನ್ನು ಅವಳ ತಾಯಿ ಕೇಳಿ ತೆಗೆದುಕೊಂಡರು. ಹೋದಲ್ಲಿ ಅದನ್ನು ಕಟ್ಟಲು ಒಂದು ಗಳ, ತೂಗಲು ಒಬ್ಬ ಅಜ್ಜಿ ಸಿಕ್ಕಿದರೋ ಇಲ್ಲವೋ, ತಿಳಿಯದು.

ಈಗ ನಾವು ಬೇರೊಂದು ಬೀಡಿಗೆ ಹೋಗುತ್ತಿದ್ದೇವೆ. ನನ್ನ ಹಾಜರಿ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಾಗಿದೆ. ಮಗುವಿನ ಹೆಸರು ಬರೆದ ಕೂಡಲೆ ಕೇಳುತ್ತೇನೆ: "ನಿನಗಿಂತ ಚಿಕ್ಕವರು ಮನೆಯಲ್ಲಿ ಯಾರಿದ್ದಾರೆ?" ಉತ್ತರವನ್ನು ಪಕ್ಕದಲ್ಲಿ ಬರೆದುಕೊಂಡು, ಮೊದಲು ತೊಟ್ಟಿಲಿಗೆ ಜಾಗ ಹುಡುಕುತ್ತೇವೆ. ಕರಿಹಲಗೆ ಆಮೇಲೆ.