ಎರಡು ತಲೆಮಾರಿಗೊಂದು ಕಚೇರಿ



ನಮ್ಮ ಕಂಕನಾಡಿಯ ಮಹಾವೀರ ವೃತ್ತದ ಬಳಿ ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿಯಿದೆ. 1924ರಲ್ಲಿ ಮಂಗಳೂರಿನಲ್ಲಿಯೇ ಹುಟ್ಟಿದ ಬ್ಯಾಂಕು ಅದು. ಆ ಹಾದಿಯಲ್ಲಿ ಸಾಗುವಾಗ ನಮ್ಮ ಜಿಲ್ಲೆಯ ಬ್ಯಾಂಕು ನೌಕರರ ನೆನಪಾಗುತ್ತದೆ. ದಪ್ಪ ಲೆಜ್ಜರುಗಳಲ್ಲಿ ಕೈ ಪಳಗಿಸಿಕೊಂಡವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರ ಮಗ್ಗುಲಲ್ಲಿ ಮಗಳ ವಯಸ್ಸಿನ ಸಹೋದ್ಯೋಗಿ. ಇಬ್ಬರಿಗೂ ಒಪ್ಪುವ ಕಚೇರಿ ಯಾವ ತೆರದ್ದು?

ಮೊದಲ ಮಾತು ಬೆಳಕಿನದು. ನಲವತ್ತು ದಾಟಿದರೆ ಚಾಳೀಸು ತಪ್ಪಿದ್ದಲ್ಲ. ಅರುವತ್ತರ ಹೊತ್ತಿಗೆ ಅದೇ ಅಕ್ಷರವನ್ನು ಓದಲು ಯುವಕರಿಗಿಂತ ಬಹಳ ಹೆಚ್ಚು ಬೆಳಕು ಬೇಕು. ಆದರೆ ದೀಪ ಪರದೆಯ ಮೇಲೆ ಮಿನುಗಿದರೆ ಹೆಚ್ಚು ಬಾಧೆಪಡುವುದೂ ಆ ಕಣ್ಣೇ. ಆಷಾಢದಲ್ಲಂತೂ ಮಂಗಳೂರಿನ ನಡುಹಗಲೇ ಮುಸ್ಸಂಜೆ. ಆದುದರಿಂದ ಪ್ರತಿ ಮೇಜಿಗೂ ಅವರವರೇ ತಿರುಗಿಸಿಕೊಳ್ಳಬಹುದಾದ ದೀಪವಿರಲಿ. ಎತ್ತರ ಹೊಂದಿಸಬಲ್ಲ ಕುರ್ಚಿಯೂ ಅಷ್ಟೆ. ಹವಾನಿಯಂತ್ರಣದ ಜಗಳವನ್ನು ಮಾತ್ರ ಯಾವ ವಾಸ್ತುಶಿಲ್ಪಿಯೂ ಬಗೆಹರಿಸಲಾರ!

ಇವೆಲ್ಲ ಹಣಕ್ಕೆ ದೊರೆಯುವಂಥವು. ಯಾರ ಪಕ್ಕದಲ್ಲಿ ಯಾರನ್ನು ಕೂರಿಸುತ್ತೇವೆ ಎಂಬುದೇ ಗುರುತರವಾದ ಪ್ರಶ್ನೆ. ಹಿರಿಯರನ್ನು ಗಾಜಿನ ಕೋಣೆಗೂ ಕಿರಿಯರನ್ನು ಗದ್ದಲದ ಹಜಾರಕ್ಕೂ ಕಳುಹಿಸುವ ವಿನ್ಯಾಸ ನೋಡಲು ಅಂದವಾಗಿರಬಹುದು. ಅಲ್ಲಿ ವಿದ್ಯೆ ಕೈದಾಟುವುದಿಲ್ಲ. ಸಾಲ ಕೇಳಬಂದ ಅಡಿಕೆ ಕೃಷಿಕ ಬಾಯಿಬಿಟ್ಟು ಹೇಳದುದನ್ನು ಗ್ರಹಿಸುವ ಕಿವಿ ಯಾವ ಕೈಪಿಡಿಯಿಂದಲೂ ಬಾರದು. ಪಕ್ಕದಲ್ಲಿ ಕುಳಿತು ಕೇಳಿಯೇ ಬರಬೇಕು. ಇತ್ತ “ಇದೊಂದು ತೋರಿಸಮ್ಮ” ಎಂದು ಹಿರಿಯರು ಸಂಕೋಚವಿಲ್ಲದೆ ಕೇಳಬೇಕಾದರೆ ನಡುವೆ ಗಾಜಿರಬಾರದು. ಬ್ಯಾಂಕುಗಳಲ್ಲಿ ಅರುವತ್ತಕ್ಕೆ ನಿವೃತ್ತಿ. ಆ ಕೊನೆಯ ವರ್ಷಗಳ ಮೇಜು ಮೂಲೆ ಸೇರದಿರಲಿ. ಹೊಸದಾಗಿ ಸೇರಿದವರ ಪಕ್ಕದಲ್ಲಿಯೇ ಇರಲಿ, ಬಂದ ಗ್ರಾಹಕನ ಕುರ್ಚಿ ಇಬ್ಬರಿಗೂ ಎದುರಾಗುವಂತೆ.