ಸತ್ತ ಕುರಿಗೆ ಕತ್ತಿ ಹಾಕುವ ಮುನ್ನ
(ಅಳವಂಡಿ ಭಾಗದ ಕುರಿಗಾರ ರೈತರಿಗಾಗಿ ಮಾಡಿದ ಭಾಷಣ)



ಅಳವಂಡಿಯ ಸುತ್ತಲಿನ ಒಣ ಬೇಸಾಯಕ್ಕೆ ಕುರಿ ದೊಡ್ಡ ಆಸರೆ. ಮಳೆ ಕೈಕೊಟ್ಟು ಜೋಳ, ಕಡಲೆ ಬಾರದ ವರ್ಷವೂ ನಾಲ್ಕು ಮರಿ ಮಾರಿದರೆ ಮನೆ ನಡೆಯುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡು ತರುಬಿದರೆ ಮುಂದಿನ ಬೆಳೆಗೆ ಗೊಬ್ಬರ. ಉಣ್ಣೆ ಕತ್ತರಿಸಿದರೆ ಕಂಬಳಿ. ಇಂಥ ಉಪಕಾರಿ ಪ್ರಾಣಿಯಿಂದ ಮನುಷ್ಯನಿಗೆ ರೋಗ ಬರುವುದುಂಟೇ ಎಂದು ಅನೇಕರು ಕೇಳುತ್ತಾರೆ. ಬರುವುದುಂಟು. ಆದರೆ ಆ ರೋಗ ಒಂದು ಕುರಿಯಲ್ಲೇ ನಿಲ್ಲುವುದೋ ಊರಿಗೆಲ್ಲ ಹಬ್ಬುವುದೋ ಎಂಬುದು ಬಹುಮಟ್ಟಿಗೆ ಸಾಕುವವರ ರೂಢಿಯನ್ನು ಅವಲಂಬಿಸಿದೆ.

ಇದಕ್ಕೆ ಮಲೆನಾಡಿನ ಮಂಗನ ಕಾಯಿಲೆ ಒಂದು ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಹಿಂದೆಯೇ ಜನರಿಗೂ ಜ್ವರ ಬಂದಿತು. ರೋಗವನ್ನು ಸಾಗಿಸುವುದು ಕಾಡಿನ ಉಣ್ಣೆಹುಳು, ಅಂದರೆ ಉಣುಗು. ಬಲಿತ ಉಣುಗುಗಳಿಗೆ ರಕ್ತ ದೊರೆಯುವುದು ಹೆಚ್ಚಾಗಿ ಕಾಡಂಚಿನಲ್ಲಿ ಮೇಯುವ ದನಗಳಿಂದ. ದನಕ್ಕೆ ಆ ಕಾಯಿಲೆ ಬಾಧಿಸುವುದಿಲ್ಲ. ಆದರೆ ಕಾಡಿಗೆ ದನ ಹೊಡೆಯುವ ರೂಢಿಯಿಂದ ಉಣುಗಿನ ಸಂತತಿ ಬೆಳೆಯುತ್ತದೆ.

ಬಯಲುಸೀಮೆಯಲ್ಲಿ ಇದೇ ಪಾಠವನ್ನು ಕಲಿಸುವುದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್.

ರೋಗದ ಸ್ವರೂಪ

ನೆರಡಿ ಕುರಿ, ಮೇಕೆ, ದನ, ಎಮ್ಮೆಗಳಿಗೆ ತಗಲುವ ಮಾರಕ ರೋಗ. ಸಂಜೆ ಚೆನ್ನಾಗಿ ಮೇಯ್ದು ಬಂದ ಕುರಿ ಬೆಳಗಾಗುವುದರೊಳಗೆ ಸತ್ತು ಬಿದ್ದಿರುತ್ತದೆ. ಹೊಟ್ಟೆ ಬೇಗ ಉಬ್ಬುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪಾದ, ಹೆಪ್ಪುಗಟ್ಟದ ರಕ್ತ ಸೋರಬಹುದು. ಕುರಿಗಳಲ್ಲಿ ಈ ಚಿಹ್ನೆ ಕಾಣದಿರುವುದೂ ಉಂಟು. ಆದುದರಿಂದ ಕಾರಣ ತಿಳಿಯದ ಪ್ರತಿಯೊಂದು ಹಠಾತ್ ಸಾವನ್ನೂ ಸಂಶಯದಿಂದ ನೋಡುವುದು ಕ್ಷೇಮ.

ಸತ್ತ ಕುರಿಯೆಂದರೆ ಬಡ ಕುರಿಗಾರನಿಗೆ ಸಾವಿರಾರು ರೂಪಾಯಿ ಮಣ್ಣಾದಂತೆ. ಚರ್ಮವನ್ನಾದರೂ ಮಾರೋಣ, ಮಾಂಸವನ್ನು ಅಗ್ಗಕ್ಕೆ ಹಂಚೋಣ ಎಂದು ಅವನಿಗೆ ಅನಿಸುವುದು ಸಹಜ. ಆದರೆ ಅಪಾಯ ಆರಂಭವಾಗುವುದೇ ಇಲ್ಲಿ. ಮುಚ್ಚಿದ ಹೆಣದೊಳಗೆ ಗಾಳಿ ಆಡುವುದಿಲ್ಲ. ಕೊಳೆಯುವ ಕ್ರಿಯೆಯಲ್ಲಿ ರೋಗಾಣುಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಕತ್ತಿ ಹಾಕಿ ಸೀಳಿದೊಡನೆ ರಕ್ತಕ್ಕೆ ಗಾಳಿ ತಾಗುತ್ತದೆ. ಆಗ ರೋಗಾಣುಗಳು ಗಟ್ಟಿ ಕವಚ ತೊಟ್ಟು ಬೀಜಾಣುಗಳಾಗುತ್ತವೆ. ಈ ಬೀಜಾಣು ಬಿಸಿಲಿಗೆ ಜಗ್ಗುವುದಿಲ್ಲ, ಚಳಿಗೆ ಸಾಯುವುದಿಲ್ಲ.

ಸುಲಿದವರ ಕೈ, ಕುತ್ತಿಗೆ, ಮುಖಗಳ ಮೇಲೆ ತುರಿಸುವ ಗುಳ್ಳೆ ಏಳುತ್ತದೆ. ಅದು ಒಡೆದು ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಹುಣ್ಣು ನೋಯುವುದಿಲ್ಲವಾದ್ದರಿಂದ ಜನ ಅಲಕ್ಷ್ಯ ಮಾಡುತ್ತಾರೆ. ಬೇಗ ವೈದ್ಯರ ಬಳಿಗೆ ಹೋದರೆ ಔಷಧದಿಂದ ಗುಣವಾಗುತ್ತದೆ. ಮಾಂಸ ತಿಂದವರಿಗೆ ಜ್ವರ, ವಾಂತಿ, ರಕ್ತಭೇದಿ ಆಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಉಣ್ಣೆಯೂ ಸುರಕ್ಷಿತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುವ ಕೂಲಿಕಾರರು ಈ ರೋಗಾಣುವನ್ನು ಉಸಿರಾಡಿಯೇ ಸತ್ತರು.

ಎರೆ ಭೂಮಿ ಮರೆಯುವುದಿಲ್ಲ

ಬೇಸಾಯಗಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಮಣ್ಣಿನದು. ಕ್ಷಾರಗುಣವುಳ್ಳ, ಸುಣ್ಣದ ಅಂಶವೂ ಸಾವಯವ ಅಂಶವೂ ಇರುವ ಮಣ್ಣಿನಲ್ಲಿ ಈ ಬೀಜಾಣು ದಶಕಗಟ್ಟಲೆ ಬಾಳುತ್ತದೆ. ಸುಣ್ಣದ ಹರಳು ಬೆರೆತ ಎರೆ ಹೊಲ ಅದಕ್ಕೆ ಒಗ್ಗುವ ನೆಲ. ಸ್ಕಾಟ್‌ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಯುದ್ಧದ ಪ್ರಯೋಗಕ್ಕಾಗಿ ಕುರಿಗಳ ಮೇಲೆ ಈ ರೋಗಾಣುವನ್ನು ಬಿಡಲಾಯಿತು. ಆ ಮಣ್ಣನ್ನು 1986ರಲ್ಲಿ ಔಷಧದಿಂದ ತೊಳೆದು, 1990ರಲ್ಲಿ ಮಾತ್ರ ದ್ವೀಪ ನಿರಪಾಯವೆಂದು ಸಾರಲಾಯಿತು.

ಬರಗಾಲದಲ್ಲಿ ಹುಲ್ಲು ಗಿಡ್ಡವಾಗುತ್ತದೆ. ಕುರಿ ಬೇರಿನವರೆಗೂ ಕಚ್ಚುವಾಗ ಮಣ್ಣೂ ಹೊಟ್ಟೆ ಸೇರುತ್ತದೆ. ಬರದ ಬೆನ್ನಿಗೆ ದೊಡ್ಡ ಮಳೆ ಬಂದರೆ ಬೀಜಾಣು ಹರಿದು ತಗ್ಗಿನಲ್ಲಿ ಸೇರುತ್ತದೆ. ಎಳೆ ಹುಲ್ಲು ಮೊದಲು ಚಿಗುರುವುದೂ ಅಲ್ಲಿಯೇ. ಅಜ್ಜನ ಕಾಲದಲ್ಲಿ ಹೂಳಿದ ಹೆಣ ಮೊಮ್ಮಗನ ಹಿಂಡನ್ನು ಕೊಲ್ಲುವುದು ಹೀಗೆ.

ಲಸಿಕೆ ಬಿಟ್ಟರೆ ಏನಾಗುವುದೆಂಬುದಕ್ಕೆ ರಷ್ಯಾದ ಯಮಾಲ್ ಪ್ರದೇಶವೇ ಸಾಕ್ಷಿ. ಅಲ್ಲಿ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲಿ ನಿಲ್ಲಿಸಿದರು. 2016ರ ಬೇಸಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಹನ್ನೆರಡು ವರ್ಷದ ಬಾಲಕನೊಬ್ಬನೂ ತೀರಿಕೊಂಡನು.

ಅನುಸರಿಸಬೇಕಾದ ಕ್ರಮಗಳು

1. ಹಿಂದೆ ರೋಗ ಕಂಡ ಊರುಗಳಲ್ಲಿ ಮುಂಗಾರಿಗೆ ಮುಂಚೆ, ವರ್ಷಕ್ಕೊಮ್ಮೆ, ಹಿಂಡಿಗೆಲ್ಲ ಲಸಿಕೆ ಹಾಕಿಸಬೇಕು. ಲಸಿಕೆಯ ಆಸುಪಾಸಿನ ದಿನಗಳಲ್ಲಿ ಪೆನ್ಸಿಲಿನ್‌ನಂಥ ಔಷಧ ಕೊಟ್ಟರೆ ಲಸಿಕೆ ವ್ಯರ್ಥವಾಗುತ್ತದೆ.

2. ಹಠಾತ್ತಾಗಿ ಸತ್ತ ಪ್ರಾಣಿಯನ್ನು ಕೊಯ್ಯಬಾರದು, ಸುಲಿಯಬಾರದು, ಉಣ್ಣೆ ಕತ್ತರಿಸಬಾರದು. ನಾಯಿ, ಹದ್ದು ಮುಟ್ಟದಂತೆ ಕಾದು ಪಶು ಚಿಕಿತ್ಸಾಲಯಕ್ಕೆ ಅಥವಾ 1962 ಸಂಖ್ಯೆಗೆ ತಿಳಿಸಬೇಕು. ಹನಿ ರಕ್ತ ಪರೀಕ್ಷಿಸಿದರೆ ರೋಗ ತಿಳಿಯುತ್ತದೆ. ವಿಮೆಯಾಗಲಿ, ಸರ್ಕಾರದ ಪರಿಹಾರವಾಗಲಿ ಪಶುವೈದ್ಯರ ದೃಢೀಕರಣವಿಲ್ಲದೆ ದೊರೆಯದೆಂಬುದನ್ನೂ ನೆನಪಿಡಬೇಕು.

3. ಹೆಣವನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆಯಬಾರದು. ತಿಪ್ಪೆಗೆ ಬಿದ್ದದ್ದು ಗೊಬ್ಬರದೊಡನೆ ಹೊಲವನ್ನೆಲ್ಲ ಸೇರುತ್ತದೆ. ರಕ್ತ ಬಿದ್ದ ಮೇಲ್ಮಣ್ಣಿನ ಸಮೇತ ಪೂರ್ತಿಯಾಗಿ ಸುಡುವುದು ಎಲ್ಲಕ್ಕಿಂತ ಮೇಲು. ಸುಡಲಾಗದಿದ್ದರೆ ನೀರಿನ ನೆಲೆಯಿಂದ ದೂರ, ಆರು ಅಡಿಗೆ ಕಡಿಮೆಯಿಲ್ಲದ ಗುಂಡಿಯಲ್ಲಿ ಪಶುವೈದ್ಯರು ಹೇಳಿದಂತೆ ಹೂಳಬೇಕು. ಸುಣ್ಣ ಸುರಿದರೆ ಸಾಕೆಂಬುದು ಹಳೆಯ ನಂಬಿಕೆ. ಸುಣ್ಣದ ಅಂಶ ಬೀಜಾಣುವಿನ ಬಾಳಿಕೆಗೇ ನೆರವಾಗಬಹುದೆಂಬುದು ಇಂದಿನ ತಿಳುವಳಿಕೆ.

4. ಹೂಳಿದ ಜಾಗಕ್ಕೆ ಮುಳ್ಳುಬೇಲಿ ಹಾಕಿ ಗುರುತಿಡಬೇಕು. ಅಲ್ಲಿ ಮೇಯಿಸಬಾರದು, ಉಳಬಾರದು.

5. ಸಾವು ಕಂಡ ಹಿಂಡನ್ನು ಆ ಮೇವಿನ ಜಾಗದಿಂದ ಬದಲಿಸಬೇಕು. ಆದರೆ ಕೊನೆಯ ಸಾವಿನ ನಂತರ ಮೂರು ವಾರ ಪರ ಊರಿಗೆ, ಸಂತೆಗೆ ಒಯ್ಯಬಾರದು. ಹಿಂಡು ತರುಬಿಸುವ ಹೊಲದವನು ಎಷ್ಟು ರಾತ್ರಿಗೆ ಎಷ್ಟು ಕಾಳು ಎಂದು ಕೇಳುವಾಗ, ಲಸಿಕೆ ಆಗಿದೆಯೇ ಎಂದೂ ಕೇಳಬೇಕು.

ಇದೇ ಎಚ್ಚರ ಕಂದು ಹಾಕುವ ಬ್ರುಸೆಲ್ಲಾ ರೋಗಕ್ಕೂ ಅನ್ವಯಿಸುತ್ತದೆ. ಕಂದು ಹಾಕಿದ ಪಶುವಿನ ಮಾಸನ್ನು ಬರಿಗೈಯಿಂದ ಮುಟ್ಟಬಾರದು. ಹಾಲನ್ನು ಕಾಯಿಸಿಯೇ ಕುಡಿಯಬೇಕು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಬೇಕು.

ಸತ್ತ ಕುರಿಯ ಚರ್ಮದಿಂದ ಬರುವ ಹಣ ಒಂದು ಸಂತೆಯ ಖರ್ಚಿಗೂ ಸಾಲದು. ಅದಕ್ಕಾಗಿ ಮಕ್ಕಳು ಉಳುವ ಹೊಲವನ್ನು, ಮೊಮ್ಮಕ್ಕಳು ಮೇಯಿಸುವ ಹಿಂಡನ್ನು ಒತ್ತೆಯಿಡುವುದು ಜಾಣತನವಲ್ಲ. ಹೋದ ಕುರಿ ಹೋಯಿತು. ಹೊಲ, ಹಿಂಡು, ಮನೆ ಉಳಿಯಲಿ.