ಕುರಿಯ ಕಿವಿಯೊಳಗಿನ ಉಣ್ಣೆ

ಬನ್ನೂರು ಕುರಿ ಗೊತ್ತಲ್ಲ ಮಕ್ಕಳೇ? ಗಿಡ್ಡ ಕಾಲು, ದಪ್ಪ ಮೈ. ಮುಂದಿನ ಸಲ ಕುರಿ ಕಂಡಾಗ, ಸಾಕಿದವರನ್ನು ಕೇಳಿ ಅದರ ಕಿವಿ ಎತ್ತಿಸಿ ನೋಡಿ. ಮುಟ್ಟಬೇಡಿ, ಬರೀ ನೋಡಿ. ಒಮ್ಮೊಮ್ಮೆ ಒಳಗಡೆ ಹರಳು ಬೀಜದಂಥದ್ದೊಂದು ಚರ್ಮಕ್ಕೆ ಕಚ್ಚಿಕೊಂಡಿರುತ್ತದೆ. ಅದೇ ಉಣ್ಣೆ. ರಕ್ತ ಕುಡಿದು ಊದಿಕೊಂಡಿದೆ. ಹಸಿದಿದ್ದಾಗ ಚಪ್ಪಟೆಯಾಗಿ, ಕಣ್ಣಿಗೆ ಬೀಳದಷ್ಟು ಸಣ್ಣಗಿರುತ್ತದೆ.

ಬೆಳೆದ ಉಣ್ಣೆಗೆ ಎಂಟು ಕಾಲು. ಹಾಗಾಗಿ ಅದು ಕೀಟವಲ್ಲ, ಜೇಡ ಮತ್ತು ಚೇಳಿನ ನೆಂಟ. ಅದಕ್ಕೆ ರೆಕ್ಕೆಯಿಲ್ಲ, ನೆಗೆಯಲೂ ಬಾರದು. ಮತ್ತೆ ಕುರಿಯ ಮೈ ಹತ್ತಿದ್ದು ಹೇಗೆ? ಹಲವು ಜಾತಿಯ ಉಣ್ಣೆಗಳು ಹುಲ್ಲಿನ ತುದಿ ಹತ್ತಿ, ಮುಂಗಾಲು ಚಾಚಿ ಕಾಯುತ್ತವೆ. ವಾಸನೆ ತಿಳಿಯುವ ಅಂಗ ಇರುವುದು ಆ ಮುಂಗಾಲಿನಲ್ಲೇ! ನಾವು ಬಿಡುವ ಉಸಿರು, ನಮ್ಮ ಮೈಬಿಸಿ ಎರಡೂ ಅದಕ್ಕೆ ಗೊತ್ತಾಗುತ್ತವೆ. ಹಾದುಹೋಗುವ ಕಾಲು ತಗುಲಿದರೆ ಸಾಕು, ಹತ್ತಿಬಿಡುತ್ತದೆ. ಕಚ್ಚಿದರೂ ನೋವು ತಿಳಿಯದಂತೆ ಮಾಡುವ ಗುಣ ಅದರ ಜೊಲ್ಲಿಗಿದೆ.

ಅದಕ್ಕೇ ಗದ್ದೆ ಬದುವಿನಲ್ಲಿ, ಕೊಟ್ಟಿಗೆಯಲ್ಲಿ ಆಡಿ ಬಂದ ಮೇಲೆ ಸ್ನಾನ ಮಾಡುವಾಗ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಉಣ್ಣೆ ಸಿಕ್ಕರೆ ಉಗುರಿನಿಂದ ಕೀಳಬೇಡಿ, ಅಮ್ಮನನ್ನೋ ಅಜ್ಜಿಯನ್ನೋ ಕರೆಯಿರಿ. ಅದರ ಬಾಯಲ್ಲಿ ಹಿಮ್ಮುಖದ ಮುಳ್ಳುಗಳಿವೆ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನಿಧಾನಕ್ಕೆ ನೇರ ಮೇಲೆಳೆಯಬೇಕು. ಆಮೇಲೆ ಸೋಪು ಹಾಕಿ ತೊಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಖಂಡಿತ ಬೇಡ.

ಇಷ್ಟೊಂದು ಹೇಳಲು ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ಆ ವೈರಸ್ಸನ್ನು ಹರಡುತ್ತಿದ್ದುದು ಕಾಡಿನ ಉಣ್ಣೆ ಎಂದು ವಿಜ್ಞಾನಿಗಳು ಪತ್ತೆಹಚ್ಚಿದರು. ಅದೇ ಮಂಗನ ಕಾಯಿಲೆ. ಎಲ್ಲ ಉಣ್ಣೆಯೂ ಆ ರೋಗ ತರುವುದಿಲ್ಲ. ಆದರೆ ಉಣ್ಣೆ ಕಚ್ಚಿದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಆ ಮಾತು ಹೇಳಲೇಬೇಕು.

ಇನ್ನು ಬೆಲ್ಲ ಮಾಡುವ ಆಲೆಮನೆಗೆ ಹೋದಾಗಲೂ ಎಚ್ಚರ ಬೇಕು. ಕಬ್ಬಿನ ಹಾಲಿನ ಸಿಹಿಗೆ ಜೇನು, ಕಣಜ ಎರಡೂ ಮುತ್ತುತ್ತವೆ. ಲೋಟದೊಳಗೆ ನೋಡಿಯೇ ಬಾಯಿಗಿಡಿ. ಜೇನು ಚುಚ್ಚಿದರೆ ಕೊಂಡಿ ಚರ್ಮದಲ್ಲೇ ಉಳಿದು, ಅದರ ಪುಟ್ಟ ಚೀಲದಿಂದ ವಿಷ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ತಡಮಾಡದೆ ಕೊಂಡಿ ತೆಗೆಸಿ, ತಣ್ಣೀರ ಬಟ್ಟೆ ಇಡಿಸಿಕೊಳ್ಳಿ. ಹೆಜ್ಜೇನಿನ ಗೂಡಿಗೆ ಕಲ್ಲು ಹೊಡೆಯುವ ಆಟವನ್ನಂತೂ ಯಾರೂ ಆಡಬಾರದು.

ಜೇಡಗಳಿಗೆ ಹೆದರಬೇಕಿಲ್ಲ. ನಮ್ಮ ಮನೆಯ ಜೇಡಗಳಲ್ಲಿ ಬಹುಪಾಲು ನಮಗೇನೂ ಮಾಡವು. ಚೇಳು ಹಾಗಲ್ಲ. ಸೌದೆ ರಾಶಿಗೆ ಕೈ ಹಾಕಬೇಡಿ, ಚಪ್ಪಲಿ ಕೊಡವಿಯೇ ಮೆಟ್ಟಿಕೊಳ್ಳಿ.

ಚೇಳು ಕುಟುಕಿದರೆ, ಅಥವಾ ಜೇನು ಚುಚ್ಚಿದ ಮೇಲೆ ತುಟಿ, ಮುಖ ಊದಿದರೆ, ಉಸಿರು ಕಟ್ಟಿದಂತಾದರೆ, ಮಂತ್ರ ಹಾಕಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಬೈಯುತ್ತಾರೆಂದು ಮುಚ್ಚಿಡಬೇಡಿ ಮಕ್ಕಳೇ, ಏನೇ ಕಚ್ಚಿದರೂ ದೊಡ್ಡವರಿಗೆ ಆಗಲೇ ಹೇಳಿ.